ಡೇರೆ ಗಡ್ಡೆ ಕೊಯ್ಯೋದು: ನನ್ನ ಅನುಭವ

ವಸಂತ ಅಂದ್ರೆ ಎಲ್ರಿಗೂ ಮಾವಿನ ಚಿಗುರು, ಎಲೆನೇ ಇಲ್ದೆ ಕೆಂಪಗಾಗೋ ಹಾಲವಾಣ ಎಲ್ಲ ನೆನಪಾಗತ್ತೆ, ನಂಗೆ ಮಾತ್ರ ಅಟ್ಟದ ಮೇಲಿನ ಮರಳಿನ ಬುಟ್ಟಿ. ಗಿಡ ಒಣಗಿದ ಮೇಲೆ ಕಿತ್ತು ಹೂತಿಟ್ಟ ಡೇರೆ ಹೂವಿನ (ಡಾಲಿಯಾ) ಗಡ್ಡೆ ಅದ್ರಲ್ಲಿರತ್ತೆ. ಏಪ್ರಿಲ್ ಕೊನೆಗೆ ಶಿರಸಿಲಿ ಒಂದೆರಡು ಮಳೆ ಬಿದ್ರೆ ಸಾಕು, ಹನಿ ನೀರು ಹಾಕ್ದೆ ಇದ್ರೂ ಕತ್ತಲಲ್ಲೇ ಕಣ್ಣೊಡೆಯತ್ತೆ. ಬೆಂಕಿಕಡ್ಡಿ ತಲೆಯಷ್ಟು ಕೆನ್ನೇರಳೆ ಮೊಳಕೆ, ಸುಕ್ಕಾದ ಸಿಪ್ಪೆ ಸೀಳ್ಕೊಂಡು ಬಂದಿರತ್ತೆ. ಅದು ಉದ್ದ ಆದಷ್ಟೂ ಗಡ್ಡೆ ಸೊರಗತ್ತೆ. ತಾಯಿನ ತಿಂದೇ ಬೆಳೆಯೋದು. ಚಂದ ಅನ್ನೋದಾ ಕ್ರೂರ ಅನ್ನೋದಾ ಗೊತ್ತಾಗಲ್ಲ.

ಮದುವೆಯಾಗಿ ಕುಮಟಾದಿಂದ ಬಂದ ಮೊದಲ ವರ್ಷ ಗಡ್ಡೆ ಅಂದ್ರೆ ಗಡ್ಡೆ ತಾನೇ ಅಂತ ಆಲೂಗಡ್ಡೆ ತರ ಅಡ್ಡಡ್ಡ ಕೊಯ್ದು ನೆಟ್ಟೆ, 14 ತುಂಡಲ್ಲಿ ಹುಟ್ಟಿದ್ದು 3. ಉಳಿದದ್ದನ್ನ ಕೆದಕಿ ನೋಡಿದ್ರೆ ಕೆಲವು ಕೊಳೆತಿದ್ವು, ಕೆಲವಕ್ಕೆ ಬೇರು ಬಂದಿತ್ತು ಆದ್ರೆ ಚಿಗುರೇ ಇಲ್ಲ. ಅತ್ತೆ ಹೇಳಿದ್ರು, "ಕುತ್ತಿಗೆ ಬಿಟ್ಟು ಕೊಯ್ದ್ರೆ ಎಂತೂ ಬತ್ತಿಲ್ಲೆ ಕೂಸೆ." ಆಲೂಗಡ್ಡೆಗೆ ಮೈಯೆಲ್ಲ ಕಣ್ಣು, ಡೇರೆಗೆ ಹಳೇ ಕಾಂಡದ ಬುಡದಲ್ಲಿ ಮಾತ್ರ. ಬಿಳಿ ತುದಿಯ ನೇರಳೆ ಜಾತಿ ಒಂದು ಆವತ್ತೇ ಹೋಯ್ತು, ಯಲ್ಲಾಪುರದ ಕಡೆ ಎಷ್ಟು ಮನೆ ಕೇಳಿದ್ರೂ ಮತ್ತೆ ಸಿಗ್ಲಿಲ್ಲ.

ಈಗ ಕಣ್ಣು ಕಾಣೋವರೆಗೆ ಕತ್ತಿ ಮುಟ್ಟಲ್ಲ. ಒಂದೊಂದು ತುಂಡಿಗೂ ಹಳೇ ಕಾಂಡದ ಚೂರು ಅಂಟಿರೋ ಹಂಗೆ ಸೀಳಿ, ಗಾಯಕ್ಕೆ ಒಲೆಬೂದಿ ಹಚ್ಚಿ ಎರಡು ದಿನ ನೆರಳಲ್ಲಿ ಬಿಡ್ತೀನಿ, ಆಮೇಲೆ ತೂತು ಮಾಡಿದ ಸಿಮೆಂಟ್ ಚೀಲಕ್ಕೆ ಗೊಬ್ಬರ ಮಣ್ಣು ತುಂಬಿ ನೆಟ್ಟು ಮಾಡಿನ ಅಂಚಿಗೆ ಇಡ್ತೀನಿ, ನೆಲಕ್ಕೆ ನೆಟ್ರೆ ನಮ್ಮ ಮಳೆಗೆ ಕೊಳೆತೇ ಹೋಗತ್ತೆ. ಮೂಲ ಮೆಕ್ಸಿಕೋ ಅಂತೆ, ಸ್ವೀಡನ್ನಿನ ಡಾಲ್ ಅನ್ನೋನ ಹೆಸರಿಂದ ಡಾಲಿಯಾ ಆಗಿದ್ದು ನಮ್ಮಂಗಳದಲ್ಲಿ ಡೇರೆ. ನಾಲ್ಕು ಜೊತೆ ಎಲೆ ಬಂದ್ಮೇಲೆ ತುದಿ ಚಿವುಟಬೇಕು, ಇಲ್ದಿದ್ರೆ ಒಂದೇ ಕಡ್ಡಿಯಾಗಿ ಎದ್ದು ಗಾಳಿಗೆ ಮುರಿಯತ್ತೆ. ಮೊದಮೊದಲು ಕೈ ಬರ್ತಿರಲಿಲ್ಲ, ಈಗ ಮಾತಾಡ್ತಾ ಮಾತಾಡ್ತಾ ಚಿವುಟಿ ಬಿಸಾಡ್ತೀನಿ. ರಾತ್ರಿ ಟಾರ್ಚ್ ಹಿಡ್ಕೊಂಡು ಬಸವನಹುಳು ಹೆಕ್ಕಿ ಉಪ್ಪುನೀರಿನ ಡಬ್ಬಿಗೆ ಹಾಕೋದಂತೂ ನಿತ್ಯದ ಕೆಲಸ, ಶ್ರಾವಣದಲ್ಲಿ ಹೂವು ನೋಡಿ ಹೊಗಳೋರಿಗೆ ಆ ಡಬ್ಬಿ ತೋರಿಸಲ್ಲ.

ನಿನ್ನೆ 22 ತುಂಡು ಕೊಯ್ದೆ. ಒಂದ್ರಲ್ಲಿ ಎಷ್ಟು ತಿರುಗಿಸಿ ನೋಡಿದ್ರೂ ಕಣ್ಣು ಸಿಗ್ಲಿಲ್ಲ, ಬಿಸಾಡೋಕೆ ಮನಸ್ಸಾಗದೆ ವಾಪಸ್ ಮರಳಿಗೇ ಹಾಕಿದೀನಿ.