ಒಂದು ಸ್ಕ್ರೂ, ನಾಲ್ಕು ದಿನ

ನಾನು ಕೈಹಾಕಿದ ಮೊದಲ ಗ್ರಾಮಫೋನ್ ಹಾಳಾಗಿದ್ದು ನನ್ನ ಟೇಬಲ್ ಮೇಲೆ. ತಂದುಕೊಟ್ಟಾಗ ಅದು ಹಾಡುತ್ತಿತ್ತು. ಸ್ವಲ್ಪ ಎಳೆದೂ ಎಳೆದೂ ಹಾಡುತ್ತಿತ್ತು, ಅಷ್ಟೆ. ಮೋಟರ್ ಬಿಚ್ಚಿ ನೋಡೋಣ ಅಂತ ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ಸ್ಕ್ರೂ ಅಲುಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಸ್ಕ್ರೂಡ್ರೈವರ್ ಜಾರಿ, ಸೂಜಿ ಹೊರುವ, ನಿಕಲ್ ಹಾಕಿದ ಟೋನ್‌ಆರ್ಮಿನ ಬುಡದ ಮೇಲೆ ಉದ್ದಕ್ಕೆ ಗೀರೆಳೆದು, ನನ್ನ ಎಡ ಹೆಬ್ಬೆರಳಿಗೆ ಬಂದು ನಿಂತಿತು. ಬೆರಳು ಎರಡು ವಾರದಲ್ಲಿ ಮಾಯಿತು. ಗೀರು ಈಗಲೂ ಇದೆ. ಅದನ್ನು ತಂದುಕೊಟ್ಟವರ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅವರು ಒಂದು ಮಾತೂ ಆಡಿಲ್ಲ. ಅದೇ ಜಾಸ್ತಿ ಕಷ್ಟ.

ನಾನು ಓದಿದ್ದು ಐಟಿಐ ಫಿಟ್ಟರ್. ಮೈಸೂರಿನಲ್ಲಿ ಹಗಲು ಕಾರ್ಖಾನೆ ಕೆಲಸ, ಸಂಜೆ ಮತ್ತು ಭಾನುವಾರ ಈ ಹಳೆ ಪೆಟ್ಟಿಗೆಗಳ ಸಹವಾಸ. ಬರುವುದರಲ್ಲಿ ಹೆಚ್ಚಿನವು ನಾಯಿ ಚಿತ್ರದ ಎಚ್‌ಎಂವಿ ಪೋರ್ಟಬಲ್‌ಗಳು. ಅದರಲ್ಲೂ 1931ರಲ್ಲಿ ಬಂದ 102 ಮಾಡೆಲ್. ಸೂಟ್‌ಕೇಸ್ ತರ ಮುಚ್ಚಿ, ಹಿಡಿಕೆ ಹಿಡಿದು ಹೊತ್ತುಕೊಂಡು ಹೋಗಬಹುದು. ನಮ್ಮಲ್ಲಿ 1960ರ ದಶಕದಲ್ಲೂ ನಿಮಿಷಕ್ಕೆ 78 ಸುತ್ತು ತಿರುಗುವ 78 ಆರ್‌ಪಿಎಂ ಪ್ಲೇಟುಗಳು ಬರುತ್ತಿದ್ದವು. ಕರೆಂಟಿಲ್ಲದ ಊರುಗಳಲ್ಲಿ ಕೀ ಕೊಟ್ಟು ಓಡಿಸುವ ಮೆಷಿನ್ನೇ ಗತಿ. ಹಾಗಾಗಿ ಅಟ್ಟದ ಮೇಲೆ ಇವು ಇನ್ನೂ ಸಿಗುತ್ತವೆ.

ಮೈಸೂರಿನ ಮೆಷಿನ್ನಿಗೂ ಕುಂದಾಪುರದ ಮೆಷಿನ್ನಿಗೂ ಅಜಗಜಾಂತರ. ಇಲ್ಲಿಯದರಲ್ಲಿ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ. ಸ್ಕ್ರೂ ಮಾತ್ರ ಸಾಮಾನ್ಯವಾಗಿ ಮಾತು ಕೇಳುತ್ತದೆ. ಕಡಲ ತೀರದ ಮನೆಯಿಂದ ಬಂದದ್ದರಲ್ಲಿ ಉಪ್ಪುಗಾಳಿ ತನ್ನ ಕೆಲಸ ಮಾಡಿರುತ್ತದೆ. ಸ್ಕ್ರೂ ಯಾವುದು, ತಗಡು ಯಾವುದು ಅಂತ ಗೊತ್ತಾಗದ ಹಾಗೆ ಎರಡೂ ಕೂಡಿ ಕೆಂಪಗಾಗಿರುತ್ತವೆ.

ಮೊದಲು ಒಂದು ಎಚ್ಚರಿಕೆ. ಮೋಟರಿನ ಯಾವ ಸ್ಕ್ರೂ ಮುಟ್ಟುವ ಮುಂಚೆಯೂ ಅದನ್ನು ಓಡಿಸುವ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡಿರಬೇಕು. ತಟ್ಟೆ ತಿರುಗಿ ತಿರುಗಿ ತಾನಾಗೇ ನಿಲ್ಲುವವರೆಗೆ ಬಿಟ್ಟುಬಿಡಿ. ಕೀ ತುಂಬಿರುವಾಗಲೇ, ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಬಿಚ್ಚಿದರೆ ಹಿಡಿಯುವವರೇ ಇಲ್ಲದೆ ಸ್ಪ್ರಿಂಗ್ ಒಂದೇ ಸಲ ಬಿಚ್ಚಿಕೊಳ್ಳುತ್ತದೆ. ಗೇರಿನ ಹಲ್ಲು ಹೋಗುತ್ತವೆ, ಬೆರಳು ಅಡ್ಡ ಇದ್ದರೆ ಬೆರಳೂ ಹೋಗುತ್ತದೆ.

ಇನ್ನು ಸ್ಕ್ರೂಡ್ರೈವರ್ ವಿಷಯ. ಈಗ ಅಂಗಡಿಯಲ್ಲಿ ಸಿಗುವ ಮೈನಸ್ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಹಳೆ ಸ್ಕ್ರೂ ತಲೆಯ ಸೀಳು ಸಣ್ಣದು, ಅದರ ಎರಡೂ ಗೋಡೆ ನೆಟ್ಟಗಿರುತ್ತವೆ. ಬೆಣೆ ಆ ಸೀಳಿನ ತಳ ಮುಟ್ಟುವುದೇ ಇಲ್ಲ. ಮೇಲಿನ ಅಂಚಿನಲ್ಲಿ ಕಚ್ಚಿಕೊಂಡು, ಜೋರು ಹಾಕಿದ ತಕ್ಷಣ ಮೇಲಕ್ಕೆ ಎದ್ದು ಬರುತ್ತದೆ. ನನ್ನ ಹೆಬ್ಬೆರಳಿನ ಕಥೆ ಇಷ್ಟೆ. ಈಗ ನನ್ನ ಹತ್ತಿರ ಹನ್ನೊಂದು ಸ್ಕ್ರೂಡ್ರೈವರ್ ಇವೆ. ಒಂದೊಂದನ್ನೂ ಒಂದೊಂದು ಸೀಳಿಗೆ ಅಂತ ಸಾಣೆಕಲ್ಲಿನ ಮೇಲೆ ಉಜ್ಜಿಕೊಂಡಿದ್ದೇನೆ. ತುದಿ ಸೀಳಿನ ತಳಕ್ಕೆ ಕೂರಬೇಕು, ಅಗಲ ಸ್ಕ್ರೂ ತಲೆಯಷ್ಟೇ ಇರಬೇಕು, ಇಟ್ಟು ಕೈಬಿಟ್ಟರೆ ತಾನಾಗೇ ನಿಲ್ಲಬೇಕು. ಎಲ್ಲಕ್ಕಿಂತ ಒಳ್ಳೆಯದು ಅಮ್ಮನ ಹೊಲಿಗೆ ಮೆಷಿನ್ನಿನ ಜೊತೆ ಬಂದಿದ್ದ ಪುಟ್ಟ ಸ್ಕ್ರೂಡ್ರೈವರ್. ಅದಕ್ಕೆ ಉಜ್ಜುವ ಕೆಲಸವೇ ಬೀಳಲಿಲ್ಲ. ಗ್ರೈಂಡರಿಗೆ ಕೊಡಬೇಡಿ. ತುದಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಗಟ್ಟಿತನ ಹೋಯಿತು. ಆಮೇಲೆ ಅದು ಸ್ಕ್ರೂ ತಿರುಗಿಸುವ ಬದಲು ತಾನೇ ತಿರುಚಿಕೊಳ್ಳುತ್ತದೆ.

ಸೀಳಿನಲ್ಲಿ ತುಂಬಿದ ಕೊಳೆಯನ್ನು ದಬ್ಬಳದ ಮೊನೆಯಿಂದ ಕೆರೆದು ತೆಗೆಯಲೇಬೇಕು. ಎಷ್ಟೋ ಸಲ ಅದು ಬರೀ ಕೊಳೆ ಅಲ್ಲ. ಹಳೆ ಪಾಲಿಶ್, ತುಕ್ಕು, ಯಾರೋ ಯಾವತ್ತೋ ಬಿಟ್ಟ ಕೊಬ್ಬರಿ ಎಣ್ಣೆ ಎಲ್ಲ ಕೂಡಿ ಅಂಟಾಗಿರುತ್ತದೆ. ನಮ್ಮ ಮನೆಗಳಲ್ಲಿ ಬಾಗಿಲ ಕೀಲಿಗೂ ಕೊಬ್ಬರಿ ಎಣ್ಣೆ, ತಲೆಗೂ ಕೊಬ್ಬರಿ ಎಣ್ಣೆ, ಗ್ರಾಮಫೋನಿಗೂ ಅದೇ. ಬಿಟ್ಟವರ ಮನಸ್ಸು ಒಳ್ಳೆಯದೇ, ಏನು ಹೇಳೋಣ!

ಇಷ್ಟಾದ ಮೇಲೂ ತಿರುಗದಿದ್ದರೆ ಎಣ್ಣೆ. ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಡಬ್ಲ್ಯುಡಿ-40 ಡಬ್ಬಿ ತಂದು ಚುಸ್ ಅನಿಸುತ್ತಿದ್ದೆ. ಅದು ಹುಟ್ಟಿದ್ದು ನೀರನ್ನು ಓಡಿಸಲು. ಹೆಸರಿನ ಡಬ್ಲ್ಯು ಮತ್ತು ಡಿ ಅದನ್ನೇ ಹೇಳುತ್ತವೆ, 40 ಅಂದರೆ ನಲವತ್ತನೇ ಪ್ರಯತ್ನಕ್ಕೆ ಸರಿಹೋಯಿತು ಅಂತ. ಸಣ್ಣಪುಟ್ಟ ತುಕ್ಕಿಗೆ ಸಾಕು. ಹಟ ಹಿಡಿದದ್ದಕ್ಕೆ ನಾನು ಬಳಸುವುದು ಅಸಿಟೋನ್ ಮತ್ತು ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಟಿಎಫ್ ಎಣ್ಣೆ, ಅರ್ಧಕ್ಕರ್ಧ. ಎರಡೂ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಬಾಟಲಿ ಕುಲುಕಬೇಕು. ಸಿರಿಂಜಿನ ಸೂಜಿಯಿಂದ ಒಂದೇ ಹನಿ, ಬೆಳಿಗ್ಗೆ ಒಂದು, ರಾತ್ರಿ ಒಂದು. ಮರದ ಪೆಟ್ಟಿಗೆಯ ಹತ್ತಿರ ಮಾತ್ರ ಇದನ್ನು ತರಬಾರದು. ಹಳೆ ಪಾಲಿಶ್ ಅಂದರೆ ಅರಗು. ಅಸಿಟೋನ್ ತಾಗಿದರೆ ಅದು ಎದ್ದು ಬರುತ್ತದೆ, ನಾಯಿಯ ಚಿತ್ರವೂ ಜೊತೆಗೆ ಹೋಗಬಹುದು. ಅದಿರುವ ಕಡೆ ಸೀಮೆಎಣ್ಣೆಯೇ ವಾಸಿ.

ಎಣ್ಣೆ ಬಿಟ್ಟು ಸುಮ್ನೆ ಕೂತರೆ ಸಾಲದು. ಸ್ಕ್ರೂಡ್ರೈವರ್ ನೆಟ್ಟಗೆ ಇಟ್ಟು ಅದರ ಹಿಡಿಯ ಮೇಲೆ ಚಿಕ್ಕ ಸುತ್ತಿಗೆಯಿಂದ ಟಕ್ ಟಕ್ ಅಂತ ಇಪ್ಪತ್ತು, ಮೂವತ್ತು ಏಟು. ಬಡಿಯುವುದಲ್ಲ, ತಟ್ಟುವುದು. ಆ ಅದುರಿಗೆ ತುಕ್ಕು ಬಿರಿಯುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಆಮೇಲೆ ಬಿಚ್ಚುವ ಕಡೆಗಲ್ಲ, ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ. ಆ ಕಡೆ ಒಂದಿಷ್ಟು ಕದಲಿತು ಅಂದರೆ ಈ ಕಡೆಯೂ ಬರುತ್ತದೆ. ಇದನ್ನು ನಂಬದವರು ತುಂಬ ಜನ. ನಾನೂ ನಂಬಿರಲಿಲ್ಲ.

ಮರಕ್ಕೆ ಕೂತ ಸ್ಕ್ರೂಗಳಿಗೆ ಎಣ್ಣೆ ಬೇಡವೇ ಬೇಡ, ಮರ ಹೀರಿಕೊಂಡು ಕಲೆಯಾಗುತ್ತದೆ. ಅಲ್ಲಿ 60 ವ್ಯಾಟಿನ ಬೆಸುಗೆ ಕಡ್ಡಿಯನ್ನು ಸ್ಕ್ರೂ ತಲೆಯ ಮೇಲೆ ಎರಡು ನಿಮಿಷ ಇಟ್ಟು, ಪೂರ್ತಿ ಆರಲು ಬಿಟ್ಟು, ಆಮೇಲೆ ತಿರುಗಿಸುತ್ತೇನೆ. ಸ್ಕ್ರೂ ಬಿಸಿಗೆ ಹಿಗ್ಗಿ, ಆರಿದಾಗ ಕುಗ್ಗುತ್ತದೆ. ಆ ಹೋಗಿಬರುವ ಆಟದಲ್ಲಿ ಹಿಡಿತ ಸಡಿಲವಾಗುತ್ತದೆ. ಲೋಹದೊಳಗಿನ ಸ್ಕ್ರೂಗೂ ಇದೇ ಉಪಾಯ ನಡೆಯುತ್ತದೆ. ಅಸಿಟೋನ್ ಬಿಟ್ಟ ಜಾಗಕ್ಕೆ ಮಾತ್ರ ಬೇಡ, ಭಗ್ಗನೆ ಹತ್ತಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಅಂಜುವುದು ಸೂಜಿಯ ಅದುರನ್ನು ಹಾಡಾಗಿಸುವ ಸೌಂಡ್‌ಬಾಕ್ಸಿಗೆ. 102ರಲ್ಲಿ ಬರುವ 5ಬಿ ಸೌಂಡ್‌ಬಾಕ್ಸಿನ ಮೈ ಎರಕದ್ದು. ಸತುವಿನ ಮಿಶ್ರಲೋಹ, ಪಾಟ್ ಮೆಟಲ್ ಅಂತೀವಿ. ಆ ಕಾಲದ ಸತುವಿನಲ್ಲಿ ಚೂರುಪಾರು ಸೀಸ ಸೇರಿಕೊಂಡಿರುತ್ತಿತ್ತು. ಸೆಕೆ ಮತ್ತು ತೇವಕ್ಕೆ ಲೋಹ ಒಳಗಿಂದೊಳಗೇ ಕೊಳೆಯುತ್ತದೆ, ಊದಿಕೊಳ್ಳುತ್ತದೆ, ಬಿರುಕು ಬಿಡುತ್ತದೆ. ಅಲ್ಲಿ ಸ್ಕ್ರೂ ತುಕ್ಕು ಹಿಡಿದಿರುವುದಿಲ್ಲ. ಸುತ್ತಲಿನ ಗೋಡೆಯೇ ಊದಿ ಅದನ್ನು ಅದುಮಿ ಹಿಡಿದಿರುತ್ತದೆ. ಹೊರಗೆ ನಿಕಲ್ ಪಳಪಳ ಅನ್ನುತ್ತಿರುತ್ತದೆ, ಒಳಗೆ ಹಪ್ಪಳ. ಕುಂದಾಪುರದ ಪೆಟ್ಟಿಗೆಯ ಸೌಂಡ್‌ಬಾಕ್ಸಿಗೆ ನಾನು ಸುತ್ತಿಗೆಯ ಒಂದು ಏಟು ತಟ್ಟಿದ್ದೆ. ಒಂದೇ ಒಂದು. ಅಂಚಿನ ಚೂರು ಮುರಿದು ಟೇಬಲ್ ಮೇಲೆ ಬಿತ್ತು. ಮುರಿದ ಜಾಗದಲ್ಲಿ ಬೂದು ಬಣ್ಣದ ಸಕ್ಕರೆ ಹರಳಿನಂಥ ಪುಡಿ.

ಅವತ್ತಿನಿಂದ ಪಾಟ್ ಮೆಟಲ್ಲಿಗೆ ಸುತ್ತಿಗೆ ಮುಟ್ಟಿಸಿಲ್ಲ. ಕೂದಲು ಒಣಗಿಸುವ ಡ್ರೈಯರ್ ಹಿಡಿಯುತ್ತೇನೆ. ಮೊದಲು ಒಳಗೆ ಅದುರುವ ತೆಳ್ಳನೆ ತಗಡು ಅಂದರೆ ಡಯಾಫ್ರಾಮ್, ರಬ್ಬರ್ ಸಿಕ್ಕುವ ಹಾಗಿದ್ದರೆ ತೆಗೆದಿಡುತ್ತೇನೆ. ಸತು ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಕೈಗೆ ಚುರುಕ್ ಅನ್ನುವಷ್ಟು ಬಿಸಿಯಾದಾಗ ತೂತು ಒಂಚೂರು ಅಗಲವಾಗುತ್ತದೆ. ಆಗ, ಬಿಸಿ ಇರುವಾಗಲೇ, ಮೆಲ್ಲಗೆ ತಿರುಗಿಸಬೇಕು. ಬಂದರೆ ಬಂತು. ಬರದಿದ್ದರೆ ಬಿಟ್ಟುಬಿಡುತ್ತೇನೆ. ಬಿಚ್ಚದೇ ಇರುವ ಸೌಂಡ್‌ಬಾಕ್ಸ್ ಗೊರಗೊರ ಅಂತಾದರೂ ಹಾಡುತ್ತದೆ. ಮುರಿದದ್ದು ಆ ಶಬ್ದವನ್ನೂ ಮಾಡುವುದಿಲ್ಲ.

ಹಟಮಾರಿ ಸ್ಕ್ರೂ ಸಹವಾಸದಲ್ಲಿ ನಡುವೆಯೇ ಮುರಿಯುವುದೂ ಇದೆ. ಒಂದು ಟೇಬಲ್ ಮಾಡೆಲಿನ ಗವರ್ನರ್. ಮೂರು ತೂಕದ ಗುಂಡುಗಳು, ಅವನ್ನು ಹಿಡಿದ ತೆಳ್ಳನೆ ಪಟ್ಟಿ ಸ್ಪ್ರಿಂಗುಗಳು. ಆ ಪಟ್ಟಿಗಳನ್ನು ಬಳೆಯಂಥ ಹಿತ್ತಾಳೆ ಕಾಲರಿಗೆ ಕೂರಿಸುವ ಉಕ್ಕಿನ ಸ್ಕ್ರೂಗಳು ಜೀರಿಗೆ ಕಾಳಿನಷ್ಟು. ಒಂದರ ತಲೆ ಕಳಚಿ ಬಂತು, ಮೈ ಒಳಗೇ ಉಳಿಯಿತು. ಅಷ್ಟು ಸಣ್ಣದಕ್ಕೆ ಡ್ರಿಲ್ ಹಾಕುವ ಧೈರ್ಯ ನನಗಿಲ್ಲ. ಮೃದುವಾದ ಹಿತ್ತಾಳೆ ಕಡೆಗೇ ಡ್ರಿಲ್ ಜಾರುತ್ತದೆ. ದೇವರಾಜ ಮಾರ್ಕೆಟ್ ಹತ್ತಿರ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡಿ ನಕ್ಕರು.

“ಇದಕ್ಯಾಕಪ್ಪ ಡ್ರಿಲ್ಲು? ಗ್ರಂಧಿಗೆ ಅಂಗಡೀಲಿ ಪಟಿಕ ತಗೊಂಡೋಗು.”

“ಪಟಿಕಾನಾ? ಗಡ್ಡಕ್ಕೆ ಉಜ್ಕೊಳ್ಳೋದಾ ಸ್ವಾಮಿ?”

“ಅದೇ ಕಣಯ್ಯ. ಹಿತ್ತಾಳೆ ಬಿಟ್ಬಿಡತ್ತೆ, ಉಕ್ಕು ತಿನ್ನತ್ತೆ. ನಮ್ಮಪ್ಪನ ಕಾಲದಿಂದ್ಲೂ ಅದೇ ಮಾಡೋದು.”

ನಿಜವಾಗಿಯೂ ಹಾಗೇ ಆಯಿತು. ಕಾಲರನ್ನು ಉಕ್ಕಿನ ದಂಡದಿಂದ ಬಿಡಿಸಿ, ಅದರಲ್ಲಿ ಬೇರೆ ಉಕ್ಕಿನ ಭಾಗ ಯಾವುದೂ ಉಳಿದಿಲ್ಲ ಅಂತ ನೋಡಿಕೊಂಡೆ. ಬಿಸಿನೀರಿಗೆ ಪಟಿಕದ ಪುಡಿ ಇನ್ನು ಕರಗದು ಅನ್ನುವಷ್ಟು ಹಾಕಿ, ಗಾಜಿನ ಬಾಟಲಿಯಲ್ಲಿ ಕಾಲರ್ ಮುಳುಗಿಸಿದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು, ನೀರು ಆರಿದಂತೆಲ್ಲ ಬದಲಾಯಿಸಿದೆ. ಸ್ವಲ್ಪ ಹೊತ್ತಿಗೆ ಆ ಮುರುಕಿನ ಬಾಯಿಂದ ಸಣ್ಣ ಸಣ್ಣ ಗುಳ್ಳೆ ಏಳಲು ಶುರುವಾಯಿತು. ಎರಡನೇ ದಿನ ರಾತ್ರಿ ಸೂಜಿ ಹಾಕಿದರೆ ಕಪ್ಪು ಕೆಸರು ಬಂತು, ಹಿಂದೆಯೇ ಖಾಲಿ ತೂತು. ಒಳಗಿನ ಥ್ರೆಡ್, ಅಂದರೆ ಸ್ಕ್ರೂ ಕೂರುವ ಸುರುಳಿ ಗೆರೆ, ಒಂದಿಷ್ಟೂ ಹಾಳಾಗಿರಲಿಲ್ಲ. ಸೋಡಾಪುಡಿ ನೀರಿನಲ್ಲಿ ತೊಳೆದು ಒರೆಸಿದೆ, ಹಿತ್ತಾಳೆಯ ಹೊಳಪು ಮಾಸಿತ್ತು ಅಷ್ಟೆ. ಪಾಟ್ ಮೆಟಲ್ಲಿಗೆ ಈ ಉಪಾಯ ಮಾಡಬೇಡಿ. ಪಟಿಕದ ನೀರು ಸತುವನ್ನೂ ತಿನ್ನುತ್ತದೆ. ಕಬ್ಬಿಣದ ಎರಕಕ್ಕಂತೂ ಕೇಳುವುದೇ ಬೇಡ.

ತುಕ್ಕೂ ಅಲ್ಲ, ಊತವೂ ಅಲ್ಲ, ಎಣ್ಣೆಗೂ ಬಿಸಿಗೂ ಬಗ್ಗದ ಇನ್ನೊಂದು ಜಾತಿ ಇದೆ. ಅದು ನನಗಿಂತ ಮೊದಲು ಬಿಚ್ಚಿದವನ ಕೈಚಳಕ. ಎಚ್‌ಎಂವಿಯಂಥ ಇಂಗ್ಲಿಷ್ ಮೆಷಿನ್ನುಗಳ ಸ್ಕ್ರೂ ನಮ್ಮ ಮಿಲಿಮೀಟರ್ ಅಳತೆಯದಲ್ಲ, ಬಿಎ, ಅಂದರೆ ಬ್ರಿಟಿಷ್ ಅಸೋಸಿಯೇಷನ್ ಅಳತೆಯದು. 2ಬಿಎ ಸ್ಕ್ರೂ 4.7 ಮಿಲಿಮೀಟರ್ ದಪ್ಪ, ಅದರ ಥ್ರೆಡ್ಡಿನ ಅಂತರ 0.81. ನಮ್ಮ ಎಂ5 ಸ್ಕ್ರೂ 5 ಮಿಲಿಮೀಟರ್, ಅಂತರ 0.8. ನೋಡಿದರೆ ಅಣ್ಣತಮ್ಮಂದಿರು. ಕಳೆದುಹೋದ 2ಬಿಎ ಬದಲಿಗೆ ಎಂ5 ಇಟ್ಟು ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿ. ಇನ್ನೂ ಜೋರು ಹಾಕಿದರೆ ತೂತಿನ ಥ್ರೆಡ್ಡನ್ನೇ ಕೊರೆದುಕೊಂಡು ಕೂರುತ್ತದೆ. ಅದಕ್ಕೇ ಈಗ ಮೊದಲು ಟಾರ್ಚ್ ಬಿಟ್ಟು ಎಲ್ಲ ಸ್ಕ್ರೂ ತಲೆಗಳನ್ನೂ ಹೋಲಿಸಿ ನೋಡುತ್ತೇನೆ. ಒಂದರ ಗುಮ್ಮಟ ಬೇರೆ ತರ ಇದ್ದರೆ ಅನುಮಾನ. ಪ್ಲಸ್ ತಲೆ ಇದ್ದರಂತೂ ಅನುಮಾನವೇ ಬೇಡ. ಪ್ಲಸ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದ ನಡುವೆ. ದೊಡ್ಡ ಹಿತ್ತಾಳೆ ಕೊಂಬಿನ, “ನೂರು ವರ್ಷ ಹಳೇದು ಸಾರ್” ಅಂತ ಮಾರುವ ಗ್ರಾಮಫೋನಿನಲ್ಲಿ ಪ್ಲಸ್ ಸ್ಕ್ರೂ ಕಂಡರೆ ದುಡ್ಡು ಜೇಬಿನಲ್ಲೇ ಇರಲಿ.

ಹೀಗೆ ಬಲವಂತಕ್ಕೆ ಕೂತದ್ದನ್ನು ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಹಿಂದೆ ಕಳಿಸಿ, ಮತ್ತೆ ಬಿಚ್ಚಿ, ಹೀಗೇ ಆಡಿಸುತ್ತ ತರಬೇಕು. ಬಂದ ಮೇಲೆ ತೂತಿನಲ್ಲಿ ಹಳೆ ಥ್ರೆಡ್ ಎಷ್ಟು ಉಳಿದಿದೆ ಅನ್ನುವುದು ಅದೃಷ್ಟ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಎ ಕೇಳಿದರೆ ಡಿಗ್ರಿ ಇದೆಯಾ ಅಂತ ತಮಾಷೆ ಮಾಡುತ್ತಾರೆ. ನಾನು ಗುಜರಿಯಲ್ಲಿ ಹಳೆ ವಾಲ್ವ್ ರೇಡಿಯೋ, ಹಳೆ ಕರೆಂಟ್ ಮೀಟರ್ ಸಿಕ್ಕರೆ ಸ್ಕ್ರೂಗಳಿಗಾಗಿಯೇ ಕೊಳ್ಳುತ್ತೇನೆ. ಅವುಗಳಲ್ಲಿ 2ಬಿಎ, 4ಬಿಎ ಧಾರಾಳ. ಮೂರು ಹಾರ್ಲಿಕ್ಸ್ ಬಾಟಲಿ ತುಂಬಿವೆ. ಮನೆಯವಳ ಲೆಕ್ಕದಲ್ಲಿ ಅದೂ ಗುಜರಿಯೇ.

ಈಗ ಟೇಬಲ್ ಮೇಲಿರುವುದು ಇನ್ನೊಂದು 102, ಇದೂ ಕರಾವಳಿಯದೇ. ಮೋಟರ್ ಹಲಗೆಯ ಸ್ಕ್ರೂಗಳೆಲ್ಲ ಭಾನುವಾರವೇ ಬಂದವು, ಕೀ ಹಾಕುವ ತೂತಿನ ಪಕ್ಕದ್ದು ಒಂದು ಬಿಟ್ಟು. ಸೋಮವಾರ ಹನಿ ಬಿಟ್ಟೆ, ತಟ್ಟಿದೆ. ಮಂಗಳವಾರ ಹನಿ ಬಿಟ್ಟೆ, ತಟ್ಟಿದೆ. ನಿನ್ನೆ ಬಿಗಿ ಮಾಡುವ ಕಡೆಗೆ ಏನೋ ಒಂದಿಷ್ಟು ಕದಲಿದ ಹಾಗಾಯಿತು. ಭ್ರಮೆಯೋ ಏನೋ ಅಂತ ತಲೆಯ ಅಂಚಿಗೂ ಪಕ್ಕದ ತಗಡಿಗೂ ಸೇರಿಸಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟೆ. ಇವತ್ತು ಸಂಜೆ ನೋಡಿದರೆ ಗೆರೆ ಎರಡು ತುಂಡಾಗಿ ನಿಂತಿದೆ, ನಡುವೆ ಒಂದು ಕೂದಲಷ್ಟು ಜಾಗ. ಮತ್ತೊಂದು ಹನಿ ಬಿಟ್ಟು, ದೀಪ ಆರಿಸಿ ಬಂದಿದ್ದೇನೆ.