ಕಣದ ಮೇಲೆ ಮೂರು ರಂಗೋಲಿ ವೃತ್ತ: ನಾನು ದೊಡ್ಡ ಗ್ರಿಲ್ ಕೊಂಡಿದ್ದು ಹೀಗೆ

ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆಗೆ ಅಂಟಿಕೊಂಡೇ ಮೂರು ರೂಮಿನ ಹೋಂಸ್ಟೇ. ಅಡುಗೆ ನನ್ನದೂ ಅತ್ತೆಯದೂ. ಸಂಜೆ ಅಂಗಳದಲ್ಲಿ ಇದ್ದಿಲ ಗ್ರಿಲ್ ಹಚ್ಚುವುದು ಮಾತ್ರ ನನ್ನೊಬ್ಬಳ ಕೆಲಸ. ಆರು ವರ್ಷ 18 ಇಂಚಿನ ಕೆಟಲ್ ಗ್ರಿಲ್ ಒಂದರಲ್ಲೇ ನಡೆಸಿದೆ. ಅದನ್ನು ಮೊದಲ ಸಲ ನೋಡಿದಾಗ ಅತ್ತೆ, "ಇದೇನೇ ಇದು, ಎರಡು ಬಾಣಲೆ ಬಾಯಿಗೆ ಬಾಯಿ ಸೇರಿಸಿ ಇಟ್ಟಂಗಿದೆ" ಅಂದಿದ್ದರು. ಅವರು ಹೇಳಿದ್ದು ಸರಿಯೇ. ಕೆಳಗಿನ ಬಾಣಲೆಯಲ್ಲಿ ಕೆಂಡ, ನಡುವೆ ಜಾಲರಿ, ಮೇಲೊಂದು ಮುಚ್ಚಳ. ಕೆಳಗೂ ಮೇಲೂ ಗಾಳಿಕಿಂಡಿ. ಅಷ್ಟೇ.

ಇದನ್ನು ಮೊದಲು ಮಾಡಿದ್ದು ಅಮೆರಿಕದ ಜಾರ್ಜ್ ಸ್ಟೀಫನ್, 1952ರಲ್ಲಿ. ಅವರು ಶಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಕ್ಕಿದ್ದರು. ಅಲ್ಲಿ ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಗಳನ್ನು ಮಾಡುತ್ತಿದ್ದರು. ಅಂಥ ಬುರುಡೆಯನ್ನೇ ಅರ್ಧಕ್ಕೆ ಕತ್ತರಿಸಿ, ಕಾಲು ಕೂರಿಸಿ, ಮುಚ್ಚಳ ಮಾಡಿದರು. ತೆರೆದ ಒಲೆಯ ಮೇಲೆ ಗಾಳಿಮಳೆಯ ಕಾಟ ತಡೆಯಲಾರದೆ ಮಾಡಿದ್ದಂತೆ. ನಮ್ಮೂರಿನ ಜೂನ್ ತಿಂಗಳಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಹೋದ ವರ್ಷ ದಸರಾ ರಜೆಯಲ್ಲಿ ಮೂರೂ ರೂಮು ತುಂಬಿದ್ದವು. ಒಂದು ಕೋಳಿ ಬೆಂದು ಇಳಿಯುವ ಹೊತ್ತಿಗೆ ಇನ್ನೊಂದಕ್ಕೆ ಜನ ತಟ್ಟೆ ಹಿಡಿದು ನಿಂತಿದ್ದರು. ಆ ರಾತ್ರಿಯೇ ದೊಡ್ಡದು ತಗೊಳ್ಳಬೇಕು ಅಂತ ಮಾತಾಯಿತು. ನಮ್ಮವರು ತಕ್ಷಣ, "ತಗೊಳ್ಳೋದಾದ್ರೆ 26 ಇಂಚಿನದೇ ತಗೊಳ್ಳೋಣ" ಅಂದರು. ಗಂಡಸರಿಗೆ ಸಾಮಾನು ಅಂದರೆ ದೊಡ್ಡದೇ ಆಗಬೇಕು. ತಿಕ್ಕಿ ತೊಳೆಯುವವರು ಅವರಲ್ಲವಲ್ಲ. ಅತ್ತೆ ಮಾತ್ರ, "ಒಲೆ ದೊಡ್ಡದಾದ್ರೆ ಅಡುಗೆ ಬೇಗ ಆಗ್ತದೇನೇ?" ಅಂತ ಕೇಳಿ ಒಳಗೆ ಹೋದರು. ಆ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಒಂದು ರಾತ್ರಿಯ ಸಿಟ್ಟಿನಲ್ಲಿ ಅಷ್ಟು ದುಡ್ಡು ಹಾಕಲು ಮನಸ್ಸಾಗಲಿಲ್ಲ. ಒಂದು ಮೂಟೆ ಅರೇಬಿಕಾ ಪಾರ್ಚ್‌ಮೆಂಟಿನ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ದುಡ್ಡು ಹೆಚ್ಚೂಕಡಿಮೆ. ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಹಾಲಿನ ಲೆಕ್ಕ ಬರೆಯುವುದು ಅದರಲ್ಲೇ. ಗ್ರಿಲ್ ಹಚ್ಚಿದ ದಿನಕ್ಕೆ ಒಂದು ಸುತ್ತು, ಜಾಗ ಸಾಲದ ದಿನಕ್ಕೆ ಅದರೊಳಗೊಂದು ಅಡ್ಡಗೆರೆ ಎಳೆಯುತ್ತಾ ಹೋದೆ. ನವೆಂಬರ್ ಕೊನೆಯ ಹೊತ್ತಿಗೆ ಸುತ್ತು ಹದಿನೇಳು, ಅಡ್ಡಗೆರೆ ಐದು. ಆ ಐದರಲ್ಲಿ ಎರಡು ದಿನ ತಪ್ಪು ನನ್ನದೇ. ಕೆಂಡ ತಡವಾಗಿ ಹಚ್ಚಿದ್ದೆ, ಜೊತೆಗೆ ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿದ್ದೆ. ಮುಚ್ಚಳ ತೆಗೆದಾಗೆಲ್ಲ ಒಳಗಿನ ಬಿಸಿ ಹೊರಗೆ ಹೋಗುತ್ತದೆ, ಬೇಯುವುದು ಅಷ್ಟು ಹಿಂದೆ ಬೀಳುತ್ತದೆ. ಅದಕ್ಕೆ ಗ್ರಿಲ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ.

ಉಳಿದ ಮೂರು ದಿನ ನಿಜವಾಗಿಯೂ ಜಾಗವೇ ಇರಲಿಲ್ಲ. ಮೂರೂ ದಿನ ಎರಡೆರಡು ಕೋಳಿ. ಹಾಗಾಗಿ "ಎಷ್ಟು ಜನಕ್ಕೆ ಸಾಕು" ಅನ್ನುವುದನ್ನು ಬಿಟ್ಟು, "ಕೆಂಡವಿಲ್ಲದ ಕಡೆ ಎರಡು ಕೋಳಿ ಹಿಡಿಯುತ್ತದೆಯೇ" ಅಂತ ನೋಡಬೇಕಿತ್ತು.

ಯಾಕೆಂದರೆ ಜಾಲರಿ ಪೂರ್ತಿ ನಮ್ಮದಲ್ಲ. ಕೋಳಿಯನ್ನು ಕೆಂಡದ ಮೇಲೇ ಇಟ್ಟರೆ ಕೊಬ್ಬು ತೊಟ್ಟಿಕ್ಕಿ ಉರಿ ಎದ್ದು ಚರ್ಮ ಕರಿಯಾಗುತ್ತದೆ, ಮೂಳೆಯ ಹತ್ತಿರ ಹಸಿಯಾಗೇ ಇರುತ್ತದೆ. ಅದಕ್ಕೇ ಕೆಂಡವನ್ನು ಒಂದು ಪಕ್ಕಕ್ಕೆ ಸರಿಸಿ, ಕೋಳಿಯನ್ನು ಇನ್ನೊಂದು ಪಕ್ಕ ಇಟ್ಟು, ಮೇಲಿನ ಗಾಳಿಕಿಂಡಿ ಕೋಳಿಯ ಕಡೆಗೆ ಬರುವಂತೆ ಮುಚ್ಚಳ ಹಾಕಬೇಕು. ಬಿಸಿಗಾಳಿ ಕೋಳಿಯ ಮೇಲೆ ಹಾದು ಹೊರಗೆ ಹೋಗುತ್ತದೆ. ಕೊನೆಯ ಐದು ನಿಮಿಷ ಚರ್ಮ ಗರಿಗರಿಯಾಗಲು ಕೆಂಡದ ಕಡೆ ಎಳೆದುಕೊಂಡರಾಯಿತು.

ಡಿಸೆಂಬರ್ ಮೊದಲ ವಾರ. ಕೊಯ್ಲು ಇನ್ನೂ ಜೋರಾಗಿರಲಿಲ್ಲ, ಕಾಫಿ ಒಣಗಿಸುವ ಕಣ ಖಾಲಿ ಇತ್ತು. ಒಂದು ಮೊಳೆಗೆ ದಾರ ಕಟ್ಟಿ, ರಂಗೋಲಿ ಪುಡಿಯಲ್ಲಿ 18, 22, 26 ಇಂಚಿನ ಮೂರು ವೃತ್ತ ಎಳೆದೆ. ಪ್ರತಿ ವೃತ್ತದಲ್ಲೂ ಮೂರನೇ ಒಂದು ಭಾಗಕ್ಕೆ ಗೆರೆ ಹಾಕಿ, ಇದು ಕೆಂಡದ ಜಾಗ, ಇಲ್ಲಿ ಏನೂ ಇಡುವ ಹಾಗಿಲ್ಲ ಅಂದೆ. "ಹಂಗಾದ್ರೆ ಖಾಲಿ ಜಾಗಕ್ಕೂ ದುಡ್ಡು ಕೊಡ್ಬೇಕಾ?" ಅಂದರು ನಮ್ಮವರು. ಕೊಡಲೇಬೇಕು. ಬಾಳೆಲೆ ಹಾಸಿ, ಬೆನ್ನುಮೂಳೆ ತೆಗೆದು ಅಗಲವಾಗಿ ಬಿಡಿಸಿದ ಎರಡು ಕೋಳಿಗಳನ್ನು ಒಂದೊಂದು ವೃತ್ತದಲ್ಲೂ ಇಟ್ಟು ನೋಡಿದೆ. ನಾಯಿಯನ್ನು ಹಿಡಿದುಕೊಳ್ಳುವುದು ನಮ್ಮವರ ಪಾಲಿಗೆ ಬಂತು.

18ರಲ್ಲಿ ಒಂದೇ ಕೋಳಿ. 22ರಲ್ಲಿ ಎರಡೂ ಕೂತವು, ತೊಡೆಗೆ ತೊಡೆ ತಾಗುವಷ್ಟು. 26ರಲ್ಲಿ ಎರಡು ಆರಾಮಾಗಿ ಮಲಗಿ, ಪಕ್ಕದಲ್ಲಿ ನಾಲ್ಕು ಗೆಣಸಿಗೂ ಜಾಗ ಉಳಿಯಿತು. ಅಳತೆ ಕೇಳಿದರೆ ಅಷ್ಟು ವ್ಯತ್ಯಾಸ ಅನ್ನಿಸುವುದಿಲ್ಲ. 18ಕ್ಕೂ 22ಕ್ಕೂ ನಾಲ್ಕೇ ಇಂಚು. ಆದರೆ ವೃತ್ತದಲ್ಲಿ ಜಾಗ ಬೆಳೆಯುವುದು ಅಳತೆಯ ವರ್ಗದಷ್ಟು. 22ರಲ್ಲಿ 18ಕ್ಕಿಂತ ಒಂದೂವರೆ ಪಟ್ಟು ಜಾಗ, 26ರಲ್ಲಿ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ. ಬೆಂಕಿಗೂ ಇದೇ ಲೆಕ್ಕ. ದೊಡ್ಡ ಹೊಟ್ಟೆಯೊಳಗಿನ ಗಾಳಿ ಕಾಯಿಸಲು ಇದ್ದಿಲೂ ಜಾಸ್ತಿ ಬೇಕು. ಹದಿನೇಳರಲ್ಲಿ ಮೂರು ದಿನದ ಸಲುವಾಗಿ ವರ್ಷವಿಡೀ 26ರ ಹೊಟ್ಟೆ ತುಂಬಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೂ ಒಂದಿತ್ತು. ಮಳೆ ಬಂದರೆ ಅಂಗಳದ ಶೀಟಿನ ಕೆಳಗೆ ನಾನೊಬ್ಬಳೇ ಅದನ್ನು ಎಳೆದುಕೊಂಡು ಹೋಗಬೇಕು. (ಸುತ್ತ ಗೋಡೆಯಿರುವ ಕೊಟ್ಟಿಗೆಯಲ್ಲೋ ಬಾಗಿಲು ಹಾಕಿದ ರೂಮಿನಲ್ಲೋ ಇದ್ದಿಲು ಹಚ್ಚಲೇಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣವೇ ಹೋಗುತ್ತದೆ. ನಮ್ಮ ಶೀಟು ನಾಲ್ಕೂ ಕಡೆ ತೆರೆದಿದೆ.)

22 ಇಂಚಿನದೇ ತಂದೆವು. ತಂದ ಮೊದಲ ಶನಿವಾರವೇ ನನ್ನ ಮರ್ಯಾದೆ ಹೋಯಿತು.

ಆರು ಜನ ಅತಿಥಿಗಳು, ಎರಡು ಕೋಳಿ. ಕಾಳುಮೆಣಸು, ಬೆಳ್ಳುಳ್ಳಿ, ನಿಂಬೆರಸ ಹಚ್ಚಿ ಬೆಳಿಗ್ಗೆಯೇ ಇಟ್ಟಿದ್ದೆ. ಹಳೆಯ ಗ್ರಿಲ್ಲಿನ ಅಭ್ಯಾಸದಲ್ಲಿ ಅದೇ ಡಬ್ಬ ಇದ್ದಿಲು ಹಾಕಿದೆ, ಸುಮಾರು ಒಂದೂಕಾಲು ಕೆಜಿ. ಮುಚ್ಚಳದ ಮೇಲಿನ ಮುಳ್ಳು 150 ಡಿಗ್ರಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಕೋಳಿಗೆ ನನಗೆ ಬೇಕಿದ್ದುದು 190, 200. ಒಂದು ಗಂಟೆಯಾದ ಮೇಲೆ ತೊಡೆಗೆ ಥರ್ಮಾಮೀಟರ್ ಚುಚ್ಚಿದರೆ 61. ಕೋಳಿ ಒಳಗೆ 74 ಡಿಗ್ರಿ ಮುಟ್ಟಲೇಬೇಕು. ತೊಡೆ 80 ದಾಟಿದರೆ ಇನ್ನೂ ಮೆತ್ತಗಾಗುತ್ತದೆ. ಹಸಿ ಇದ್ದಿಲು ಮೇಲೆ ಸುರಿದರೆ ಹೊಗೆ, ಕಾಯಲು ಹೊತ್ತಿಲ್ಲ. ಕೊನೆಗೆ ಎರಡೂ ಕೋಳಿ ತುಂಡು ಮಾಡಿ ಅಡುಗೆಮನೆಯ ಕಾವಲಿಗೆ ಹೋದವು. ಅತ್ತೆ ಅಕ್ಕಿರೊಟ್ಟಿ ತಟ್ಟುತ್ತಾ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು.

ಈಗ ಎರಡು ಕೆಜಿ ಹಾಕುತ್ತೇನೆ. ಅರಸೀಕೆರೆ, ಕಡೂರು ಕಡೆಯಿಂದ ಬರುವ ತೆಂಗಿನ ಚಿಪ್ಪಿನ ಇದ್ದಿಲು. ಹೊಗೆ ಕಡಿಮೆ, ಶಾಖ ಜಾಸ್ತಿ. ಹಳೆಯ ಎಣ್ಣೆ ಡಬ್ಬದ ತಳಕ್ಕೆ ತೂತು ಹೊಡೆದು, ಅದರಲ್ಲಿ ತುಂಬಿ ಕೆಳಗೆ ಕಾಗದ ಹಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಮೇಲೆಲ್ಲ ಬೂದಿ ಹಿಡಿಯುತ್ತದೆ. ಅಲ್ಲಿಯವರೆಗೆ ಕೋಳಿ ಇಡುವುದಿಲ್ಲ. ಮಳೆಗಾಲದಲ್ಲಿ ಇದ್ದಿಲು ಥಂಡಿ ಹಿಡಿದು ಚಟಪಟ ಅನ್ನುತ್ತದೆ. ಅದಕ್ಕೆ ಮುಚ್ಚಳವಿರುವ ಡ್ರಮ್ಮಿನಲ್ಲಿ ಇಡಿ. ಪರಿಮಳಕ್ಕೆ ಗಿಡ ಸವರಿದಾಗ ಸಿಗುವ ಕಾಫಿ ಕಡ್ಡಿ, ಚೆನ್ನಾಗಿ ಒಣಗಿದ್ದು, ಎರಡು ಚೂರು ಸಾಕು. ತೋಟದ ನೆರಳಿನ ಮರ ಸಿಲ್ವರ್ ಓಕಿನ ಸೌದೆ ಮನೆ ಮುಂದೆ ಬಿದ್ದಿದ್ದರೂ ನಾನು ಹಾಕುವುದಿಲ್ಲ. ಅದರ ಹೊಗೆ ನನಗೆ ಹಿಡಿಸದು.

ಇದ್ದಿಲು ಜಾಸ್ತಿ ಹೋಗುತ್ತದೆ ಅಂತ ಹೆದರಿದಷ್ಟು ಆಗಲಿಲ್ಲ. ಊಟ ಮುಗಿದ ತಕ್ಷಣ ಮೇಲೂ ಕೆಳಗೂ ಗಾಳಿಕಿಂಡಿ ಮುಚ್ಚಿಬಿಟ್ಟರೆ ಕೆಂಡ ಆರುತ್ತದೆ, ಉಳಿದದ್ದು ಮರುದಿನಕ್ಕೆ ಬರುತ್ತದೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಹಂದಿ ಭುಜದ ಮಾಂಸ, ಎರಡು ಕೆಜಿಯ ಒಂದೇ ತುಂಡು. ಹಳೆಯದರಲ್ಲಿ ಕೆಂಡ ಅದಕ್ಕೆ ತೀರಾ ಹತ್ತಿರ, ಒಂದು ಪಕ್ಕ ಯಾವಾಗಲೂ ಸುಡುತ್ತಿತ್ತು. 22ರಲ್ಲಿ ದೂರ ಸಿಗುತ್ತದೆ. 120, 130 ಡಿಗ್ರಿಯಲ್ಲಿ ಐದಾರು ಗಂಟೆ ಸುಮ್ನೆ ಬಿಟ್ಟರೆ ಕೈಯಲ್ಲೇ ಎಳೆಎಳೆಯಾಗಿ ಬಿಡಿಸಬಹುದು. ನಿಜ ಹೇಳಬೇಕೆಂದರೆ ಈಗ ಕೋಳಿಗಿಂತ ಇದಕ್ಕೇ ಜಾಸ್ತಿ ಬೇಡಿಕೆ. ನಾಟಿ ಕೋಳಿ ಮಾತ್ರ ಯಾವ ಅಳತೆಯ ಗ್ರಿಲ್ಲಿಗೂ ಬೇಡ. ಬಲಿತ ಮಾಂಸ ಒಣಗಿ ರಬ್ಬರಾಗುತ್ತದೆ. ಅದು ಸಾರಿಗೇ ಸರಿ.

ಹಳೆಯ 18 ಇಂಚಿನದನ್ನು ಮಾರುವ ಯೋಚನೆಯಿತ್ತು. ಮಾರಲಿಲ್ಲ. ಇಬ್ಬರೇ ಅತಿಥಿಗಳು ಬಂದ ದಿನ ಅದನ್ನೇ ಹಚ್ಚುತ್ತೇನೆ. ಅತಿಥಿಗಳಿಲ್ಲದ ಸಂಜೆ ಅದು ಅತ್ತೆಯ ವಶ. ಹೋದ ವಾರ ಮೂರು ಬದನೆಕಾಯಿ, ಒಂದು ಹಿಡಿ ಹಲಸಿನ ಬೀಜ ಸುಟ್ಟುಕೊಂಡರು. ಕೆಂಡ ಎಷ್ಟು ಹಾಕಬೇಕೆಂದು ನನ್ನನ್ನೇನೂ ಕೇಳಲಿಲ್ಲ.