ಮನೆಯಲ್ಲೇ ಪಿಯಾನೊ ಕ್ಲಾಸ್: ಮಕ್ಕಳು ಅರ್ಧಕ್ಕೇ ಬಿಡದ ಹಾಗೆ ನಡೆಸುವುದು ಹೇಗೆ?

ತುಮಕೂರಿನಲ್ಲಿ ಪಿಯಾನೊ ಕಲಿಸುತ್ತೇನೆ ಅಂದರೆ ಜನ ಮೊದಲು ಕೇಳುವುದು, ‘ಇಲ್ಲಿ ಯಾರು ಸೇರ್ತಾರೆ?’ ಅಂತ. ಸೇರುವವರಿಗೆ ಬರ ಇಲ್ಲ. ಬೇಸಿಗೆ ರಜೆ ಬಂದರೆ ಫೋನ್ ಮೇಲೆ ಫೋನ್. ಕಷ್ಟ ಶುರುವಾಗುವುದು ಆಮೇಲೆ. ಏಪ್ರಿಲ್‌ನಲ್ಲಿ ಹತ್ತು ಮಕ್ಕಳು ಸೇರಿದರೆ ದಸರಾ ಹೊತ್ತಿಗೆ ನಾಲ್ವರು ಉಳಿಯುತ್ತಿದ್ದರು. ನನ್ನ ಮೊದಲ ಎರಡು ವರ್ಷ ಹೀಗೇ ಹೋಯಿತು. ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ ಎಂದು ಗೊಣಗಿಕೊಂಡಿದ್ದೆ. ಒಂದು ದಿನ ಕುವೆಂಪು ನಗರದಲ್ಲಿ ಒಬ್ಬ ಹುಡುಗನ ಮನೆಗೆ ಹೋದಾಗ ವಿಷಯ ಗೊತ್ತಾಯಿತು. ಅವನ ಕೀಬೋರ್ಡ್ ಮಂಚದ ಕೆಳಗೆ, ಡಬ್ಬದೊಳಗೆ, ಥರ್ಮೋಕೋಲ್ ಸಮೇತ ಮಲಗಿತ್ತು.

ವಾರದಲ್ಲಿ ಅರ್ಧ ಗಂಟೆ ನನ್ನದು. ಉಳಿದ ಆರು ದಿನ ಮನೆಯದು. ಆ ಆರು ದಿನಕ್ಕೆ ದಾರಿ ಮಾಡಿಕೊಟ್ಟರೆ ಕ್ಲಾಸು ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಕ್ಲಾಸ್ ತೆಗೆಯಬೇಕು ಎಂದುಕೊಂಡವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಶುರು ಮಾಡಿ.

ವಾದ್ಯ, ಸ್ಟೂಲು, ಮನೆ ಓನರ್

ಅಸಲಿ ಪಿಯಾನೊ ಇಲ್ಲದೆ ಪಿಯಾನೊ ಕ್ಲಾಸಾ ಎಂದು ಹಿಂಜರಿಯಬೇಡಿ. ಅದರೊಳಗೆ ಸುಮಾರು 230 ತಂತಿಗಳಿರುತ್ತವೆ. ಕೀ ಒತ್ತಿದರೆ ಫೆಲ್ಟ್ ಸುತ್ತಿದ ಮರದ ಸುತ್ತಿಗೆ ಬಂದು ತಂತಿಗೆ ಬಡಿಯುತ್ತದೆ. ಗೋಡೆಗೆ ಒರಗಿಸಿ ಇಡುವ ಅಪ್‌ರೈಟ್ ಪಿಯಾನೊ ಕೂಡ 200 ಕಿಲೊ ಆಸುಪಾಸು ತೂಗುತ್ತದೆ, ಕೆಲವು ಇನ್ನೂ ಜಾಸ್ತಿ. ಬಾಡಿಗೆ ಮನೆಯ ಮೆಟ್ಟಿಲು ಹತ್ತಿಸುವುದರಲ್ಲೇ ಸುಸ್ತಾಗುತ್ತದೆ. ವರ್ಷಕ್ಕೆ ಎರಡು ಸಲವಾದರೂ ಟ್ಯೂನ್ ಮಾಡಿಸಬೇಕು. ನನಗೆ ಗೊತ್ತಿರುವ ಟ್ಯೂನರ್ ಬೆಂಗಳೂರಿನಿಂದ 70 ಕಿಲೊಮೀಟರ್ ಬರಬೇಕು. ಹಾಗಾಗಿ 88 ಕೀಗಳ ಡಿಜಿಟಲ್ ಪಿಯಾನೊ ಒಂದು ಸಾಕು. ಅಂಗಡಿಯಲ್ಲಿ ‘ವೆಯ್ಟೆಡ್ ಕೀ’ ಇರುವುದನ್ನೇ ಕೇಳಿ. ಬೆರಳಿಗೆ ಭಾರ ಗೊತ್ತಾಗುತ್ತದೆ.

ಮಕ್ಕಳ ಮನೆಗೆ ಮೊದಲ ಒಂದೆರಡು ವರ್ಷ 61 ಕೀಗಳ ಕೀಬೋರ್ಡ್ ನಡೆಯುತ್ತದೆ. ಆದರೆ ಅದು ‘ಟಚ್ ಸೆನ್ಸಿಟಿವ್’ ಆಗಿರಲೇಬೇಕು, ಅಂದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಪಿಯಾನೊ ಅನ್ನುವುದು ಪಿಯಾನೊಫೋರ್ಟೆ ಎಂಬ ಹೆಸರಿನ ಮೊಟಕು. ಇಟಾಲಿಯನ್ ಭಾಷೆಯಲ್ಲಿ ‘ಮೆಲ್ಲಗೆ, ಜೋರಾಗಿ’ ಎಂದರ್ಥ. ಹೇಗೆ ಒತ್ತಿದರೂ ಒಂದೇ ಸದ್ದು ಬರುವ ಪೆಟ್ಟಿಗೆಯಲ್ಲಿ ಕಲಿಯುವುದಾದರೂ ಏನನ್ನು? ಇನ್ನೊಂದು ಮಾತು. ಸೆಲ್ ಹಾಕಿ ನುಡಿಸಲು ಆಗುವ ಮಾಡೆಲ್ ಕೊಳ್ಳಲು ಹೇಳಿ. ಸಂಜೆ ಕರೆಂಟ್ ಹೋಯಿತು ಎಂಬ ನೆಪ ಒಂದಾದರೂ ತಪ್ಪುತ್ತದೆ.

ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಚಿಕ್ಕ ಮಕ್ಕಳಿಗೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಕಾಲು ನೇತಾಡಿದರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಮಣಿಕಟ್ಟು ಬಿಗಿಯಾಗುತ್ತದೆ. ಅಂಗಡಿಯಲ್ಲಿ ಇದಕ್ಕೂ ಒಂದು ಸಾಮಾನು ಸಿಗುತ್ತದೆ. ನಾನು ಕಾಲ ಕೆಳಗೆ ಅಜ್ಜಿಯ ಕಾಲದ ಊಟದ ಮಣೆ ಎರಡು ಪೇರಿಸಿ ಇಟ್ಟಿದ್ದೇನೆ.

ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಹೇಳಿಬಿಡಿ. ಸಾಧ್ಯವಾದರೆ ಅವರ ಮೊಮ್ಮಗುವನ್ನೇ ಸೇರಿಸಿಕೊಳ್ಳಿ!

ದುಡ್ಡಿನ ಮಾತು ಮೊದಲ ದಿನವೇ

ನಮಗೆ ದುಡ್ಡು ಕೇಳಲು ಸಂಕೋಚ. ಹಾಗಾಗಿ ಬಾಯಲ್ಲಿ ಹೇಳುವ ಬದಲು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಫೀಸು ತಿಂಗಳ 5ನೇ ತಾರೀಖಿನೊಳಗೆ, ಮುಂಗಡ. ತಿಂಗಳಿಗೆ ನಾಲ್ಕು ಕ್ಲಾಸ್. ವರ್ಷಕ್ಕೆ 52 ವಾರ, ನಾವು ತೆಗೆದುಕೊಳ್ಳುವುದು 48 ಕ್ಲಾಸ್. ಮಿಕ್ಕ ನಾಲ್ಕು ವಾರ ಹಬ್ಬಕ್ಕೆ ಮತ್ತು ತಪ್ಪಿದ ಕ್ಲಾಸ್ ಸರಿದೂಗಿಸಲಿಕ್ಕೆ. ‘ಮಿಸ್, ಎರಡು ವಾರ ಬರ್ಲಿಲ್ಲ, ಅರ್ಧ ಫೀಸು ತಗೊಳ್ಳಿ’ ಎಂಬ ಚೌಕಾಸಿ ಈ ಒಂದು ಹಾಳೆಯಿಂದ ನನ್ನ ಮನೆಯಲ್ಲಿ ನಿಂತಿತು. ಒಬ್ಬೊಬ್ಬರಿಗೆ ಒಂದೊಂದು ಫೀಸು ಮಾತ್ರ ಮಾಡಬೇಡಿ. ಅಮ್ಮಂದಿರು ಗೇಟಿನ ಹತ್ತಿರ ನಿಂತು ಮಾತಾಡಿಕೊಳ್ಳುತ್ತಾರೆ.

ಮೊದಲ ಕ್ಲಾಸಿನಲ್ಲಿ ಪುಸ್ತಕ ಬೇಡ

ಮೊದಲ ದಿನ ಮಗು ಏನನ್ನಾದರೂ ನುಡಿಸಿಯೇ ಮನೆಗೆ ಹೋಗಬೇಕು. ಇದಕ್ಕೆ ಕಪ್ಪು ಕೀಗಳಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಅವು ಎರಡು, ಮೂರು, ಎರಡು, ಮೂರು ಎಂದು ಗುಂಪಾಗಿರುತ್ತವೆ. ಮೂರರ ಗುಂಪುಗಳನ್ನು ಹುಡುಕಲು ಹೇಳಿ. ಆ ಗುಂಪಿನ ಮೊದಲ ಕೀಯನ್ನು ‘ಸ’ ಎಂದಿಟ್ಟುಕೊಂಡು ಮೇಲಕ್ಕೆ ಕಪ್ಪು ಕೀಗಳನ್ನಷ್ಟೇ ಒಂದೊಂದಾಗಿ ಒತ್ತಿಸಿ. ಸ ರಿ ಗ ಪ ದ ಸ. ಮೋಹನ ರಾಗ! ಎರಡರ ಗುಂಪಿನ ಮೊದಲ ಕೀಯಿಂದ ಹೊರಟರೆ ಅವೇ ಐದು ಸ್ವರಗಳು ಸ ರಿ ಮ ಪ ದ ಆಗುತ್ತವೆ, ಅಂದರೆ ಶುದ್ಧ ಸಾವೇರಿ. ನೀವು ಪಕ್ಕದಲ್ಲಿ ಕೂತು ಎಡಗಡೆ ಮೆಲ್ಲಗೆ ಸ, ಪ ಹಿಡಿಯಿರಿ. ಮಗು ಯಾವ ಕಪ್ಪು ಕೀ ಒತ್ತಿದರೂ ಕಿವಿಗೆ ಹಿತವಾಗಿಯೇ ಕೇಳುತ್ತದೆ. ತಪ್ಪು ಸ್ವರ ಅನ್ನುವುದೇ ಇರುವುದಿಲ್ಲ. ಆರು ವರ್ಷದ ಮಗು ಕೂಡ ಅವತ್ತೇ ಮನೆಯಲ್ಲಿ ತೋರಿಸುತ್ತದೆ.

ಕರ್ನಾಟಕ ಸಂಗೀತಕ್ಕೂ ಹೋಗುವ ಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ಗೊತ್ತಿರುವುದರಿಂದಲೇ ಶುರು ಮಾಡಿ. ಹಾರ್ಮೋನಿಯಂನವರು ‘ಬಿಳಿ ಒಂದು’ ಅನ್ನುವ ಕೀಯನ್ನು (ಎರಡು ಕಪ್ಪು ಕೀಗಳ ಗುಂಪಿಗೆ ತಾಗಿ ಎಡಕ್ಕಿರುವ ಬಿಳಿ ಕೀ) ಸ ಮಾಡಿಕೊಂಡರೆ ಅವರ ಮೊದಲ ಪಾಠವಾದ ಮಾಯಾಮಾಳವಗೌಳ ರಾಗದ ಸರಳೆಯಲ್ಲಿ ರಿ ಮತ್ತು ದ ಮಾತ್ರ ಕಪ್ಪು, ಉಳಿದದ್ದೆಲ್ಲ ಬಿಳಿ. ಸ್ವರವನ್ನು ಜಾರಿಸುವ, ಅಲುಗಿಸುವ ಗಮಕ ಈ ವಾದ್ಯದಲ್ಲಿ ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಿ, ಸಂಗೀತದ ಟೀಚರ್ ಬೇಜಾರು ಮಾಡಿಕೊಳ್ಳುವುದು ತಪ್ಪುತ್ತದೆ. ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೋಟೇಶನ್ ಓದುವುದನ್ನು ಮೂರನೆಯ ವಾರಕ್ಕೆ ಇಟ್ಟುಕೊಳ್ಳಿ. ತೀರಾ ಮುಂದಕ್ಕೆ ಹಾಕಬೇಡಿ, ಆಮೇಲೆ ಮಕ್ಕಳು ಕಿವಿ ನಂಬಿಕೊಂಡು ಕಣ್ಣು ಮುಚ್ಚಿಬಿಡುತ್ತಾರೆ.

ಆ ಆರು ದಿನ

ಕೀಬೋರ್ಡ್ ಡಬ್ಬದಿಂದ ಹೊರಗಿರಬೇಕು. ಸ್ಟ್ಯಾಂಡ್ ಮೇಲೆ, ಹಾಲ್‌ನಲ್ಲಿ, ಮೇಲೆ ಒಂದು ಟವೆಲ್ ಹೊದಿಸಿದರೆ ಸಾಕು. ತೆಗೆಯಲು ಐದು ನಿಮಿಷ ಹಿಡಿಯುವ ವಾದ್ಯವನ್ನು ಯಾವ ಮಗುವೂ ತೆಗೆಯುವುದಿಲ್ಲ. ಸೇರಿಸಿಕೊಳ್ಳುವಾಗಲೇ ಅದರ ಜಾಗದ ಫೋಟೊ ಕಳಿಸಿ ಎಂದು ಕೇಳುತ್ತೇನೆ. ಕೆಲವರಿಗೆ ಇದು ಅತಿ ಅನಿಸುತ್ತದೆ. ಅನಿಸಲಿ.

‘ದಿನಾ ಅರ್ಧ ಗಂಟೆ ಪ್ರಾಕ್ಟೀಸ್ ಮಾಡು’ ಎನ್ನಬೇಡಿ. ಯಾವ ಎರಡು ಸಾಲು, ಯಾವ ಕೈ, ಎಷ್ಟು ಸಲ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ಬಲಗೈ ಮಾತ್ರ, ಮೊದಲ ನಾಲ್ಕು ಬಾರ್, ನಿಧಾನಕ್ಕೆ.’ ಬಾರ್ ಅಂದರೆ ನೋಟೇಶನ್ನಿನಲ್ಲಿ ಎರಡು ನಿಲುವುಗೆರೆಗಳ ನಡುವಿನ ತುಣುಕು. ಶುರುವಿನವರಿಗೆ ಹತ್ತು ನಿಮಿಷ ಸಾಕು. ಹೊತ್ತು ಗೊತ್ತು ಮಾಡಿ: ಹೋಂವರ್ಕ್ ಮುಗಿದ ಕೂಡಲೇ, ಇಲ್ಲವೇ ಊಟಕ್ಕೆ ತಟ್ಟೆ ಹಾಕುವ ಮುಂಚೆ.

ಎಷ್ಟು ಸಲ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಆಟ ಇದೆ. ತುಮಕೂರು ಹುಣಸೆಹಣ್ಣಿನ ಮಾರುಕಟ್ಟೆಗೆ ಹೆಸರಾದ ಊರು, ಬೀಜಕ್ಕೇನು ಬರ? ಮೂರು ಹುಣಸೆ ಬೀಜ ಕೀಬೋರ್ಡಿನ ಎಡಗಡೆ ಇಡಿ. ಆ ನಾಲ್ಕು ಬಾರ್ ತಪ್ಪಿಲ್ಲದೆ ಬಂದರೆ ಒಂದು ಬೀಜ ಬಲಗಡೆಗೆ. ತಪ್ಪಿದರೆ ಹೋದ ಬೀಜಗಳೆಲ್ಲ ವಾಪಸ್ ಎಡಕ್ಕೆ. ಮೂರೂ ಬಲಗಡೆ ಸೇರಿದರೆ ಅವತ್ತಿನ ಕೆಲಸ ಮುಗಿಯಿತು. ಮೂರನೆಯ ಬೀಜದ ಹೊತ್ತಿಗೆ ಮಕ್ಕಳು ತಾವಾಗಿಯೇ ನಿಧಾನ ಮಾಡುತ್ತಾರೆ. ‘ಸ್ಲೋ ಆಗಿ ನುಡಿಸು’ ಎಂದು ನಾನು ವರ್ಷಗಟ್ಟಲೆ ಬಾಯಿ ನೋಯಿಸಿಕೊಂಡಿದ್ದೆ. ಬೀಜ ಆ ಕೆಲಸ ಮಾಡಿತು. ಐದು ಬೀಜ ಇಟ್ಟು ನೋಡಿದೆ, ಅಳು ಬಂತು. ಮೂರೇ ಸರಿ.

ಸ್ಟಿಕ್ಕರ್, ಚಾಕ್ಲೇಟಿನ ಆಸೆ ಎರಡು ತಿಂಗಳು ಇರುತ್ತದೆ, ಅಷ್ಟೇ. ಕೇಳುವವರು ಒಬ್ಬರು ಮನೆಯಲ್ಲಿದ್ದರೆ ಅದರ ಕಥೆಯೇ ಬೇರೆ. ಗುಬ್ಬಿ ಕಡೆಯ ಒಬ್ಬ ತಾತ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದರು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಸೀಮೆ ಅದು. ಅಲ್ಲಿ ಈಗಲೂ ಊರಹಬ್ಬಕ್ಕೆ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಇದ್ದಾರೆ. ಈ ತಾತನೂ ವಯಸ್ಸಿನಲ್ಲಿ ಅದೇ ಕೆಲಸ ಮಾಡಿದವರು. ಒಂದು ದಿನ ಹುಡುಗಿ ಎಡಗೈ ಬರುವುದಿಲ್ಲ ಎಂದು ಮುಖ ಊದಿಸಿಕೊಂಡಿದ್ದಳು. ತಾತ ಹೇಳಿದರು, ‘ನಮ್ಗೆ ಎಡಗೈ ತಿದಿ ಒತ್ತೋಕೇ ಆಗೋದು ಕಣವ್ವ. ನಿಂಗೆ ಎರಡೂ ಕೈ ಖಾಲಿ ಐತಲ್ಲ, ನುಡ್ಸು.’ ಮನೆಯಲ್ಲಿ ದಿನಾ ರಾತ್ರಿ ತಾತ ಚಾಪೆ ಹಾಕಿಕೊಂಡು ಕೇಳುತ್ತಿದ್ದರಂತೆ. ಅವರಿಗೆ ಸ್ಟಾಫ್ ನೋಟೇಶನ್ನಿನ ಒಂದಕ್ಷರ ಬರುತ್ತಿರಲಿಲ್ಲ. ಆ ಹುಡುಗಿ ಐದು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ಅಂದಿನಿಂದ ಅಪ್ಪ ಅಮ್ಮಂದಿರಿಗೆ ನಾನು ಕೊಡುವ ಹೋಂವರ್ಕ್ ಒಂದೇ. ತಿದ್ದಬೇಡಿ, ಬೈಯಬೇಡಿ, ಮೊಬೈಲ್ ಪಕ್ಕಕ್ಕಿಟ್ಟು ಐದು ನಿಮಿಷ ಸುಮ್ನೆ ಕೂತು ಕೇಳಿ.

ಪರೀಕ್ಷೆ ಬೇಕಾ?

ಗ್ರೇಡ್ ಪರೀಕ್ಷೆ ಕೇಳಿಕೊಂಡೇ ಅನೇಕರು ಬರುತ್ತಾರೆ. ಲಂಡನ್ನಿನ ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಎಂಬ ಎರಡು ಸಂಸ್ಥೆಗಳ ಸಂಗೀತ ಪರೀಕ್ಷೆಗಳೂ ಭಾರತದಲ್ಲಿ ನಡೆಯುತ್ತವೆ. ಟ್ರಿನಿಟಿಯ ಮಾಮೂಲು ಪಿಯಾನೊ ಪರೀಕ್ಷೆಯಲ್ಲಿ 100ಕ್ಕೆ 60 ಬಂದರೆ ಪಾಸ್, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಮೂರು ಪೀಸುಗಳಿಗೆ, ಅಂದರೆ ನುಡಿಸುವ ಕೃತಿಗಳಿಗೆ, ತಲಾ 22 ಅಂಕ. ಕೀಬೋರ್ಡಿಗೆ ಅವರದೇ ಬೇರೆ ಸಿಲೆಬಸ್ ಇದೆ. ಎಬಿಆರ್‌ಎಸ್‌ಎಂನಲ್ಲಿ 6ನೇ ಗ್ರೇಡಿಗೆ ಕೂರುವ ಮೊದಲು 5ನೇ ಗ್ರೇಡ್ ಥಿಯರಿ ಅಥವಾ ಅದಕ್ಕೆ ಸಮನಾದದ್ದನ್ನು ಪಾಸಾಗಿರಬೇಕು. 2020ರಿಂದ ವಿಡಿಯೊ ಮಾಡಿ ಕಳಿಸುವ ಪರೀಕ್ಷೆಯೂ ಬಂದಿದೆ. ಕತ್ತರಿಸಿ ಜೋಡಿಸುವ ಹಾಗಿಲ್ಲ, ಒಂದೇ ಉಸಿರಿಗೆ ನುಡಿಸಬೇಕು. ಪಕ್ಕದ ಮನೆಯ ನಾಯಿ ಬೊಗಳದ ಹೊತ್ತು ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ನನ್ನ ಕೇಳಿದರೆ, ಮೊದಲ ವರ್ಷ ಪರೀಕ್ಷೆ ಬೇಡ. ಮೂರು ಪೀಸುಗಳನ್ನೇ ವರ್ಷವಿಡೀ ಅರೆದ ಮಗುವಿಗೆ ನಾಲ್ಕನೆಯದು ಕೊಟ್ಟರೆ ಕೈಕಾಲು ಆಡುವುದಿಲ್ಲ. ಪರೀಕ್ಷೆಯ ವರ್ಷದಲ್ಲೂ ಮಗು ತಾನೇ ಆರಿಸಿಕೊಂಡ ಒಂದು ಹಾಡು ಜೊತೆಗಿರಲಿ, ಸಿನಿಮಾದ್ದಾದರೂ ಸರಿ.

ಒಂಬತ್ತನೇ ಕ್ಲಾಸ್ ಮುಗಿಯುತ್ತಿದ್ದಂತೆ ‘ಎಸ್ಸೆಸ್ಸೆಲ್ಸಿ ಮಿಸ್, ನಿಲ್ಲಿಸ್ತೀವಿ’ ಎಂದು ಫೋನ್ ಬರುತ್ತದೆ. ವಾದ ಮಾಡಬೇಡಿ. ಹದಿನೈದು ದಿನಕ್ಕೊಂದು ಕ್ಲಾಸ್, ಅರ್ಧ ಫೀಸು, ಹೊಸ ಪಾಠ ಇಲ್ಲ, ಹಳೆಯದನ್ನು ನುಡಿಸಿ ಹೋಗಲಿ ಎಂದು ಹೇಳಿ ನೋಡಿ. ಪೂರ್ತಿ ಬಿಟ್ಟವರು ಪಿಯುಸಿಗೆ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. ಹೀಗೆ ದಾರ ಹಿಡಿದುಕೊಂಡವರು ಬಂದಿದ್ದಾರೆ.

ಗೊಂಬೆ ಮುಂದೆ ಕಛೇರಿ

ಹಾಲ್ ಬಾಡಿಗೆ ಹಿಡಿದು, ಮೈಕ್ ಹಾಕಿ, ವರ್ಷಕ್ಕೊಮ್ಮೆ ಕಾರ್ಯಕ್ರಮ ಮಾಡಿದರೆ ಮಕ್ಕಳಿಗೆ ನಡುಕ, ನಿಮಗೆ ಖರ್ಚು. ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಪ್ರತಿ ಸಂಜೆ ಎರಡು ಮೂರು ಮಕ್ಕಳು ಗೊಂಬೆ ಮುಂದೆ ಒಂದೊಂದು ಪೀಸ್ ನುಡಿಸುತ್ತಾರೆ. ನೋಡಲು ಬಂದ ಅಕ್ಕಪಕ್ಕದವರೇ ಶ್ರೋತೃಗಳು. ಯಾರಿಗೂ ಭಾಷಣ ಇಲ್ಲ, ಬಹುಮಾನ ಇಲ್ಲ. ಆಗಸ್ಟ್‌ನಲ್ಲೇ ಯಾವ ದಿನ ಯಾರು ಎಂದು ಗೋಡೆಗೆ ಅಂಟಿಸಿದರೆ ಸಾಕು, ಮುಂದಿನ ವಾರಗಳಲ್ಲಿ ಪ್ರಾಕ್ಟೀಸ್ ಮಾಡು ಎಂದು ಹೇಳುವ ಕೆಲಸವೇ ಇರುವುದಿಲ್ಲ. ಹೊಸಬರನ್ನು ಮೊದಲು ಕೂರಿಸಿ, ದೊಡ್ಡವರನ್ನು ಕೊನೆಗೆ.

ಚರಪನ್ನು ಮಾತ್ರ ಎಲ್ಲರೂ ನುಡಿಸಿದ ಮೇಲೆ ಹಂಚಿ. ಒಂದು ವರ್ಷ ಮೊದಲೇ ಕಡಲೆಕಾಳು ಉಸಲಿ ಕೊಟ್ಟುಬಿಟ್ಟೆ. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು, ಹೇರ್‌ಪಿನ್ನಿನಲ್ಲಿ, ಕೀಗಳ ಸಂದಿಯಿಂದ ಸಾಸಿವೆ ಕಾಳು ತೆಗೆಯುತ್ತಾ ಕೂತಿದ್ದೆ.